ಭಾನುವಾರದ ಗೆರೆ

ಗಾಳಿಮನೆ, ಬೆಟ್ಟದ ಮೇಲೆ
ಫೆಬ್ರುವರಿ ೮

ಅಪ್ಪನಿಗೆ ನಮಸ್ಕಾರ.

ನಿಮ್ಮ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದೇ ಇರಬೇಕು. ಇಷ್ಟು ವರ್ಷ ಅಮ್ಮನಿಗೆ ಬರೆಯುತ್ತಿದ್ದೆ. ಅವಳು ನಿಮಗೆ ಓದಿ ಹೇಳುತ್ತಿದ್ದಳು, ನೀವು "ಹೂಂ" ಅನ್ನುತ್ತಿದ್ದಿರಿ, ಆ ಒಂದು ಹೂಂ ಅನ್ನು ಹಿಗ್ಗಿಸಿ ಎರಡು ಪುಟ ಮಾಡಿ ಅವಳು ನನಗೆ ಕಳಿಸುತ್ತಿದ್ದಳು. "ಅಪ್ಪ ನಿನ್ ಕೆಲ್ಸದ ಬಗ್ಗೆ ತುಂಬಾ ಕೇಳಿದ್ರು ಕಣೇ" ಎಂಬ ಸಾಲು ಎಲ್ಲ ಕಾಗದಗಳಲ್ಲೂ ಇರುತ್ತಿತ್ತು. ನೀವು ಕೇಳಿರುವುದಿಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತು. ಈಗ ಅವಳಿಲ್ಲ. ಫೋನು ಮಾಡೋಣವೆಂದರೆ ಇಲ್ಲಿ ಸಿಗ್ನಲ್ ಇಲ್ಲ. ಅಲ್ಲಿ, ಜೀವಮಾನವೆಲ್ಲ ಡ್ರಿಲ್ಲಿನ ಪಕ್ಕ ಕಳೆದ ನಿಮ್ಮ ಕಿವಿಗೆ ಫೋನು ಹೊಡೆದುಕೊಂಡದ್ದೇ ಕೇಳುವುದಿಲ್ಲ. ಗುರುವಾರದ ಜೀಪು ತರಕಾರಿ, ಗ್ಯಾಸು ತರುತ್ತದೆ. ಕಾಗದವನ್ನೂ ಒಯ್ಯುತ್ತದೆ.

ಏನು ಬರೆಯಬೇಕೆಂದು ತೋಚದೆ ಕೆಲಸದ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಬೇಡವಾದರೆ ಹೂಂ ಅಂದು ಮಡಚಿಡಿ.

ನಮ್ಮ ಕೋಣೆ ನಿಮ್ಮ ಕ್ಲಿನಿಕ್ಕಿನಷ್ಟೇ ಇದೆ. ಛಾವಣಿಯ ಮೇಲೆ ಒಂದು ಕೊಳವೆ. ಅದು ಹಗಲೂ ರಾತ್ರಿ ಗಾಳಿ ಕುಡಿಯುತ್ತದೆ. ಕೆಳಗೆ ಮೇಜಿನ ಮೇಲಿರುವ ಯಂತ್ರ ಆ ಗಾಳಿಯಲ್ಲಿ ಪಾದರಸದ ಆವಿ ಎಷ್ಟಿದೆ ಅಂತ ಅಳೆದು ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಜಗತ್ತಿನ ಎಲ್ಲ ಗಾಳಿಯಲ್ಲೂ ಪಾದರಸ ಅಷ್ಟಿಷ್ಟು ಇದ್ದೇ ಇರುತ್ತದೆ, ಆದ್ದರಿಂದ ಗೆರೆ ಸಾಮಾನ್ಯವಾಗಿ ನೆಲಕ್ಕಂಟಿಕೊಂಡು ಸಾಗುತ್ತದೆ. ಆದರೆ ಮಂಗಳವಾರ ಮತ್ತು ಶುಕ್ರವಾರ, ಕೆಳಗಿನ ನಮ್ಮ ಊರಿನ ಕಡೆಯಿಂದ ಗಾಳಿ ಬೆಟ್ಟ ಹತ್ತಿದರೆ, ಗೆರೆ ಎದ್ದು ನಿಲ್ಲುತ್ತದೆ. ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ಸಂಜೆಯ ಹೊತ್ತಿಗೆ ಏನೂ ಆಗದವರ ಹಾಗೆ ಮತ್ತೆ ಮಲಗಿಬಿಡುತ್ತದೆ. ನಮ್ಮ ಅನುಮಾನ ಟ್ಯೂಬ್‌ಲೈಟ್ ಕಾರ್ಖಾನೆಯ ಮೇಲೆ. ಅಲ್ಲಿ ಪಾದರಸ ಬಳಸುತ್ತಾರೆ, ಊರಿನವರೂ ಅದರ ಹೊಗೆಯನ್ನೇ ಬೈಯುತ್ತಾರೆ. ಜೂನ್ ಕೊನೆಗೆ ವರದಿ ಕೊಡಬೇಕು.

ಒಂದೇ ಒಂದು ಗೆರೆ ಲೆಕ್ಕಕ್ಕೆ ಕೂರುತ್ತಿಲ್ಲ. ಅದು ಭಾನುವಾರದ್ದು, ಜನವರಿ ಇಪ್ಪತ್ತೊಂದು. ನಾನು ಕೆಳಗೆ ನಿಮ್ಮ ಹತ್ತಿರ ಇದ್ದ ವಾರ. ಯಂತ್ರದ ಬಳಿ ಯಾರೂ ಇರಲಿಲ್ಲ, ಏನೋ ಕೆಟ್ಟಿರಬೇಕು, ಅದನ್ನು ಕಿತ್ತುಹಾಕೋಣ ಅನ್ನುತ್ತಾನೆ ನನ್ನ ಸಹಾಯಕ. ಅವನ ಕನ್ನಡಕದ ದಪ್ಪಕ್ಕೆ ನಾವೆಲ್ಲ ಅವನನ್ನು ಸೋಡಾಬುಡ್ಡಿ ಅನ್ನುತ್ತೇವೆ. ಕಿತ್ತುಹಾಕಬಹುದು. ಆದರೂ ಯಾಕೋ ಇನ್ನೂ ಬಿಟ್ಟುಕೊಂಡಿದ್ದೇನೆ.

ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿಮ್ಮ ಮಗಳು

*

ಕ್ಲಿನಿಕ್ಕಿನ ಮೇಲ್ಮಹಡಿ
ಫೆಬ್ರುವರಿ ೨೧

ಮಗಳೇ,

ಕಾಗದ ತಲುಪಿತು. ಎರಡು ಸಲ ಓದಿದೆ. ಎರಡನೇ ಸಲ ನಿನ್ನ ಅಮ್ಮ ಓದುತ್ತಿದ್ದಳಲ್ಲ, ಆ ಧಾಟಿಯಲ್ಲಿ ಗಟ್ಟಿಯಾಗಿ ಓದಿದೆ. ನನಗೆ ಕೇಳಲಿ ಅಂತ ಅವಳು ಓದುತ್ತಿದ್ದಷ್ಟೇ ಗಟ್ಟಿಯಾಗಿ. ಕೆಳಗಿನ ಔಷಧಿ ಅಂಗಡಿಯವನು ಗಾಬರಿಯಾಗಿ ಮೇಲೆ ಬಂದು, "ಡಾಕ್ಟ್ರೇ, ಯಾರನ್ನ ಕರೀತಿದ್ದೀರಾ?" ಅಂದ.

ನಿನ್ನ ಕೆಲಸದ ಬಗ್ಗೆ ನಾನು ಕೇಳುತ್ತಿರಲಿಲ್ಲ, ನಿಜ. ಯಾಕೆ ಅಂತ ನಿನಗೂ ಗೊತ್ತು. ನೀನು ದೊಡ್ಡ ಓದು ಮುಗಿಸಿ ಬಂದ ದಿನ ಊಟಕ್ಕೆ ಕೂತಾಗ, "ಅಪ್ಪಾ, ಈ ಊರವರ ಬಾಯಲ್ಲಿ ಒಟ್ಟು ಎಷ್ಟು ಪಾದರಸ ತುಂಬಿರಬಹುದು ನೀವು?" ಅಂದೆ. ಹಲ್ಲಿಗೆ ಹಾಕುವ ಸಿಲ್ವರ್ ಸಿಮೆಂಟಿನಲ್ಲಿ ಅರ್ಧ ಪಾದರಸವೇ ಅಂತ ಪಾಠ ಬೇರೆ ಮಾಡಿದೆ, ನಾನು ಅದನ್ನು ಅರೆದು ಅರೆದು ಕೈ ಸವೆಸಿಕೊಂಡವನು. ನಿನ್ನ ಅಮ್ಮ ಕೊನೆಯವರೆಗೂ ನಿನ್ನ ಪರ ವಕಾಲತ್ತು ನಡೆಸಿದಳು: "ಮಗು ಕುತೂಹಲಕ್ಕೆ ಕೇಳ್ತು, ನೀವು ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ." ಇರಬಹುದು. ಆದರೆ ನನ್ನ ಅನ್ನದ ಮೇಲೆ ಬಂದ ಪ್ರಶ್ನೆ ಅದು, ನನಗೆ ನೋವಾಯಿತು.

ಅದು ಬಿಡು. ಆ ಯಂತ್ರದ ಬಗ್ಗೆ ಒಂದು ಅನುಮಾನ. ಗಾಳಿಯಲ್ಲಿ ಅಷ್ಟು ಕಡಿಮೆ ಇರುವ ಪಾದರಸವನ್ನು ಅದು ಹಿಡಿಯುವುದು ಹೇಗೆ? ಹಿಡಿದದ್ದನ್ನು ಬಿಡುವುದು ಹೇಗೆ? ಸುಮ್ಮನೆ ಕೇಳಿದೆ, ನೀನೇನು ಪುಟಗಟ್ಟಲೆ ಬರೆಯಬೇಕಾಗಿಲ್ಲ.

ಕಾರ್ಖಾನೆಯಲ್ಲಿ ದುಡಿಯುವವರ ಮನೆಗಳು ನಮ್ಮ ಬೀದಿಯಲ್ಲೇ ಮೂರಿವೆ. ಅಪರಾಧಿ ಅಂತ ಬರೆಯುವ ಮುಂಚೆ ಸರಿಯಾಗಿ ನೋಡಿಕೋ. ಬರೆದ ಮೇಲೆ ಬಾಗಿಲು ಹಾಕಿದರೆ ಅವರು ಎಲ್ಲಿ ಹೋಗಬೇಕು?

ಇಂತಿ,
ಅಪ್ಪ

*

ಗಾಳಿಮನೆ
ಮಾರ್ಚ್ ೧

ಅಪ್ಪನಿಗೆ,

ಕೇಳಿದಿರಲ್ಲ, ಈಗ ಅನುಭವಿಸಿ.

ಯಂತ್ರದೊಳಗೆ ಚಿನ್ನವಿದೆ. ಬೆರಳುದ್ದದ ಗಾಜಿನ ನಳಿಗೆಯಲ್ಲಿ ತುಂಬಿದ ಚಿನ್ನದ ಕಣಗಳು. ಗಾಳಿ ಅದರ ಮೂಲಕ ಹಾಯುವಾಗ ಪಾದರಸ ಮಾತ್ರ ಚಿನ್ನಕ್ಕೆ ಅಂಟಿಕೊಳ್ಳುತ್ತದೆ, ಉಳಿದದ್ದೆಲ್ಲ ಹೊರಗೆ. ಐದು ನಿಮಿಷ ಹಿಡಿದುಕೊಂಡು, ಚಿನ್ನವನ್ನು ಜೋರಾಗಿ ಕಾಯಿಸಿದರೆ ಪಾದರಸ ಬಿಟ್ಟುಕೊಂಡು ಹೊರಗೆ ಬರುತ್ತದೆ. ಅದನ್ನು ಬೆಳಕಿನಲ್ಲಿ ಅಳೆಯುತ್ತೇವೆ. ಇದು ನಿಮಗೆ ಹೊಸದೇನಲ್ಲ. ಅಮ್ಮ ನಿಮ್ಮ ಕ್ಲಿನಿಕ್ಕಿನಲ್ಲಿ ಸಿಮೆಂಟು ಅರೆದು ಬಟ್ಟೆಯಲ್ಲಿ ಹಿಂಡಿ ಕೊಡುತ್ತಿದ್ದಾಗ ಅವಳ ಉಂಗುರ ಬಿಳಿಯಾಗಿ ಹೋದ ಕಥೆ ಇದೆಯಲ್ಲ, ಅಷ್ಟೇ ವಿಷಯ. ನಮ್ಮ ಯಂತ್ರ ಅಮ್ಮನ ಉಂಗುರದ ಕೆಲಸವನ್ನೇ ಮಾಡುತ್ತದೆ, ಬೆಲೆ ಮಾತ್ರ ಒಂದು ಮನೆ ಕಟ್ಟಿಸುವಷ್ಟು.

ಕಾರ್ಖಾನೆಯ ಬಗ್ಗೆ ನೀವು ಹೇಳಿದ್ದು ಮನಸ್ಸಿನಲ್ಲಿದೆ. ಇನ್ನೂ ಏನನ್ನೂ ಬರೆದಿಲ್ಲ.

ಹೊಸ ತಲೆನೋವೊಂದು ಶುರುವಾಗಿದೆ. ದೊಡ್ಡ ಗೆರೆಗಳ ಜೊತೆಗೆ ಸಣ್ಣ ಸಣ್ಣ ಮೊನೆಗಳು ಕಾಣಿಸುತ್ತಿವೆ. ದಿನಾ ಬೆಳಿಗ್ಗೆ, ನಾನು ಛಾವಣಿಯ ಮೇಲೆ ಹೋಗಿ ಕೊಳವೆಯ ಬಾಯಿಯ ಫಿಲ್ಟರ್ ಬದಲಾಯಿಸುವ ಹೊತ್ತಿಗೇ. ಕೈಗವಸು ಹೊಸದು ಹಾಕಿ ನೋಡಿದೆ, ಫಿಲ್ಟರ್ ಬೇರೆ ಡಬ್ಬಿಯಿಂದ ತೆಗೆದು ನೋಡಿದೆ. ಮೊನೆ ಹೋಗುತ್ತಿಲ್ಲ. ಸೋಡಾಬುಡ್ಡಿ ಹೋದ ದಿನ ಬರುವುದಿಲ್ಲ, ನಾನು ಹೋದ ದಿನ ಬರುತ್ತದೆ. "ಮೇಡಂ, ಯಂತ್ರಕ್ಕೆ ನಿಮ್ಮನ್ನ ಕಂಡ್ರೆ ಭಯ" ಅನ್ನುತ್ತಾನೆ. ನನಗೆ ತಲೆ ಕೆಟ್ಟುಹೋಗಿದೆ, ಅವನಿಗೆ ನಗು.

ನಿಮ್ಮ ಮಗಳು

*

ಕ್ಲಿನಿಕ್ಕಿನ ಮೇಲ್ಮಹಡಿ
ಮಾರ್ಚ್ ೧೪

ಮಗಳೇ,

ಆ ಉಂಗುರದ ಮುಂದಿನ ಕಥೆ ನಿನಗೆ ಗೊತ್ತಿಲ್ಲ. ಅಕ್ಕಸಾಲಿಯ ಹತ್ತಿರ ಒಯ್ದೆವು. ಅವನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಕಾಯಿಸಿದ, ಮತ್ತೆ ಹಳದಿಯಾಯಿತು. ಮನೆಗೆ ಬಂದು ಒಂದು ತಿಂಗಳಲ್ಲಿ ಅವಳು ಮತ್ತೆ ಬಿಳಿ ಮಾಡಿಕೊಂಡಳು. "ಕಳಚಿಡು ಅಂದ್ರೆ ಕೇಳಲ್ವಲ್ಲ" ಅಂತ ಬೈದರೆ, "ನಿಮ್ಮ ಕೆಲ್ಸಾನೇ ನನ್ನ ಬಿಡ್ತಿಲ್ಲ, ಉಂಗುರ ಹೇಗೆ ಬಿಡುತ್ತೆ" ಅಂದಳು. ಕೊನೆಗೆ ಅದು ಬಿಳಿಯಾಗಿಯೇ ಉಳಿಯಿತು. ಬೆಳ್ಳಿ ಉಂಗುರ ಅಂತಲೇ ಜನ ತಿಳಿದಿದ್ದರು.

ಈಗ ನಿನ್ನ ಮೊನೆಗಳಿಗೆ ಬರುತ್ತೇನೆ. ರೋಗಿಯನ್ನು ಕೇಳುವ ಹಾಗೆ ಕೇಳುತ್ತೇನೆ, ಉತ್ತರ ಕೊಡು. ಫಿಲ್ಟರ್ ಬದಲಾಯಿಸುವ ಮುಂಚೆ ಬಿಸಿ ಚಹಾ ಕುಡಿಯುತ್ತೀಯಾ? ಕೊಳವೆಯ ಬಾಯಿಗೆ ಬಗ್ಗಿ ಕೆಲಸ ಮಾಡುತ್ತೀಯಾ? ಮಾಡುವಾಗ ನಿನ್ನ ಅಮ್ಮನ ಹಾಗೆ ಗುನುಗುತ್ತೀಯಾ?

ಒಂಬತ್ತನೇ ವಯಸ್ಸಿನಲ್ಲಿ ನಿನ್ನ ಎಡಗಡೆ ಕೆಳಗಿನ ದವಡೆ ಹಲ್ಲು ಹುಳುಕಾಗಿತ್ತು. ಕುರ್ಚಿಯ ಮೇಲೆ ಕೂರಿಸಿ "ದೊಡ್ಡದಾಗಿ ಬಾಯಿ ತೆಗಿ" ಅಂದೆ. ನೀನು "ಯಾಕೆ?" ಅಂದೆ. ಯಾಕೆ ಅಂತ ಕೇಳಿದ ತಕ್ಷಣ ಬಾಯಿ ಮುಚ್ಚಿಬಿಡುತ್ತಿದ್ದೆ. ಸಾಯಂಕಾಲವೆಲ್ಲ ಅದೇ ನಡೆಯಿತು, ಹೊರಗೆ ರೋಗಿಗಳು ಕಾದು ಕಾದು ಎದ್ದುಹೋದರು. ಅಂದಿನಿಂದಲೇ ನಿನಗೆ ಯಾಕಮ್ಮ ಅಂತ ಹೆಸರು ಬಿದ್ದದ್ದು. ಕೊನೆಗೂ ಹಾಕಿದೆ ಒಂದು ಸಿಮೆಂಟು, ಆಮೇಲೆ ಅದರ ಪಕ್ಕದ ಹಲ್ಲಿಗೆ ಇನ್ನೊಂದು. ಎರಡೂ ಇನ್ನೂ ಇವೆ ತಾನೇ? ಬಿಸಿ ತಾಗಿದರೆ, ಅಗಿದರೆ, ಅದು ಒಂದು ಕೂದಲೆಳೆಯಷ್ಟು ಆವಿ ಬಿಡುತ್ತದೆ. ಮನುಷ್ಯರಿಗೆ ಅದು ಲೆಕ್ಕಕ್ಕಿಲ್ಲ. ನಿನ್ನ ಚಿನ್ನಕ್ಕೆ ಲೆಕ್ಕವಿದೆಯೋ ಏನೋ, ನೋಡು.

ಸೋಡಾಬುಡ್ಡಿಯ ಬಾಯಿ ತೆಗೆಸಿ ನೋಡಿದ್ದೀಯಾ?

ಅಪ್ಪ

*

ಗಾಳಿಮನೆ
ಏಪ್ರಿಲ್ ೫

ಅಪ್ಪನಿಗೆ,

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಒಂದು ಲೋಟ ಬಿಸಿ ಚಹಾ ಕುಡಿದು, ಕೊಳವೆಗೆ ಬಗ್ಗಿ ನಿಂತು, ಬೇಕೆಂದೇ ಗುನುಗಿದೆ. ಕೆಳಗೆ ಪರದೆ ನೋಡುತ್ತಿದ್ದ ಸೋಡಾಬುಡ್ಡಿ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮೇಡಂ, ಹಾಡು ಬಂತು" ಅಂದ. ಅವನ ಬಾಯಲ್ಲಿ ಒಂದು ಹುಳುಕು ಹಲ್ಲೂ ಇಲ್ಲ, ಗ್ರಹಚಾರಕ್ಕೆ. ಜಗತ್ತಿನ ಪಾದರಸವನ್ನು ಹುಡುಕಿಕೊಂಡು ಬೆಟ್ಟ ಹತ್ತಿದವಳು ಅದನ್ನು ದವಡೆಯಲ್ಲೇ ಇಟ್ಟುಕೊಂಡು ಬಂದಿದ್ದೆ. ಇಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅಮ್ಮ ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಈಗ ಕೊಳವೆಯ ಹತ್ತಿರ ಹೋಗುವ ಕೆಲಸ ಅವನದು. ಸಣ್ಣ ಮೊನೆಗಳು ಮಾಯವಾದವು.

ದೊಡ್ಡವು ಹೋಗಲಿಲ್ಲ. ಮಾರ್ಚ್ ಕೊನೆಯ ಹದಿನೈದು ದಿನ ದುರಸ್ತಿಗೆಂದು ಕಾರ್ಖಾನೆ ಮುಚ್ಚಿತ್ತು, ನಿಮಗೆ ಗೊತ್ತಿರುತ್ತದೆ. ಮಂಗಳವಾರ ಗೆರೆ ಎದ್ದಿತು, ಶುಕ್ರವಾರ ಎದ್ದಿತು. ಒಂದು ಚೂರೂ ಕಡಿಮೆಯಾಗಲಿಲ್ಲ. ಅಂದಮೇಲೆ ಕಾರ್ಖಾನೆಯದಲ್ಲ. ನಮ್ಮ ಬೀದಿಯ ಮೂರು ಮನೆಗಳ ಮೇಲೆ ಸುಮ್ಮನೆ ಕಲ್ಲು ಹಾಕುತ್ತಿದ್ದೆ. ನೀವು ಹೇಳಿದ್ದಕ್ಕೆ ಉಳಿಯಿತು.

ಹಾಗಾದರೆ ಯಾರದು? ಊರಿನಲ್ಲಿ ಮಂಗಳವಾರ, ಶುಕ್ರವಾರ ಏನು ನಡೆಯುತ್ತದೆ? ನಗರಸಭೆಯವರು ಕೊಟ್ಟ ಕಾಗದದಲ್ಲಿ ಊರಿನ ಚಿಮಣಿಗಳೆಲ್ಲ ಇವೆ, ಎಲ್ಲದರ ಮುಂದೂ "ಎಲ್ಲ ದಿನ" ಅಂತಲೇ ಬರೆದಿದ್ದಾರೆ. ನೀವು ದಿನಾ ಸಂಜೆ ಊರು ಸುತ್ತುತ್ತೀರಿ. ಸ್ವಲ್ಪ ನನಗಾಗಿ ಕಣ್ಣಿಟ್ಟು ನೋಡುತ್ತೀರಾ?

ಯಾಕಮ್ಮ

*

ಕ್ಲಿನಿಕ್ಕಿನ ಮೇಲ್ಮಹಡಿ
ಏಪ್ರಿಲ್ ೧೮

ಮಗಳೇ,

ನಿವೃತ್ತನಾದ ಮೇಲೆ ನನಗೆ ಯಾರೂ ಕೆಲಸ ಹೇಳಿರಲಿಲ್ಲ. ಎರಡು ವಾರ ಪತ್ತೇದಾರನ ಹಾಗೆ ತಿರುಗಿದ್ದೇನೆ, ಚಪ್ಪಲಿಯ ಬಾರು ಕಿತ್ತುಹೋಯಿತು.

ಮೊದಲು ಗುಜರಿಯವನ ಹತ್ತಿರ ಹೋದೆ. ಹಳೆಯ ಟ್ಯೂಬ್‌ಲೈಟು ಒಡೆಯುತ್ತಾನೆ, ನಿಜ, ಆದರೆ ಸಿಕ್ಕ ದಿನ ಒಡೆಯುತ್ತಾನೆ, ವಾರ ನೋಡುವುದಿಲ್ಲ. ನಿಂತು ನೋಡುತ್ತಿದ್ದ ನನಗೆ, "ಏನ್ ಡಾಕ್ಟ್ರೇ, ಕುರ್ಚಿ ಮಾರ್ತೀರಾ?" ಅಂದ. ಆಮೇಲೆ ಆಸ್ಪತ್ರೆಗೆ ಹೋದೆ. ಅಲ್ಲಿ ಕಸ ಸುಡುವ ಒಲೆ ಇದೆ ಅಂತ ಕೇಳಿದ್ದೆ. ಬಾಗಿಲಿನ ಹುಡುಗಿ ನಾನು ಏನು ಕೇಳಿದೆ ಅಂತ ತಿಳಿಯದೆ ನನ್ನನ್ನು ಕಿವಿ ಡಾಕ್ಟರ ಕೋಣೆಯಲ್ಲಿ ಕೂರಿಸಿದಳು. ಬಂದದ್ದಾಯಿತಲ್ಲ ಅಂತ ತೋರಿಸಿಕೊಂಡೆ. ಗುಣವಾಗುವ ಕಿವಿಯಲ್ಲ ಅಂದರು, ನನಗೆ ಮೊದಲೇ ಗೊತ್ತಿತ್ತು. ಕಸದ ಒಲೆ ಸೋಮವಾರ ಉರಿಯುತ್ತದೆ. ಹಾಗಾಗಿ ಅದೂ ಅಲ್ಲ. ಮಂಗಳವಾರದ ಸಂತೆಯಲ್ಲಿ ಹೊಗೆ ಬರುವುದು ಬೀಡಿಯಿಂದ ಮಾತ್ರ.

ದಾರಿಯಲ್ಲಿ ಹಳೆಯ ರೋಗಿಗಳು ಸಿಗುತ್ತಾರೆ. ಕಂಡ ಕೂಡಲೇ ತುಟಿ ಅಗಲಿಸಿ ತೋರಿಸುತ್ತಾರೆ, "ನೋಡಿ, ನೀವು ಹಾಕಿದ್ದು ಇನ್ನೂ ಹಂಗೇ ಐತೆ." ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ನಾನು ಈ ಊರಿನಲ್ಲಿ ಅರ್ಧಕ್ಕರ್ಧ ಸುಳ್ಳು ಮಾಡಿದ್ದೇನೆ. ನಿನ್ನ ವರದಿಯಲ್ಲಿ ಇದನ್ನೂ ಒಂದು ಕಡೆ ಸೇರಿಸಬಹುದು.

ಊರಿನಲ್ಲಿ ಇನ್ನೊಂದು ಚಿಮಣಿ ಇದೆ. ಎರಡು ಸಲ ಆ ರಸ್ತೆಯ ತಿರುವಿನವರೆಗೆ ಹೋಗಿ ವಾಪಸು ಬಂದೆ.

ಅಪ್ಪ

*

ಗಾಳಿಮನೆ
ಮೇ ೧೦

ಅಪ್ಪನಿಗೆ,

ಮೂರು ಗುರುವಾರ ಜೀಪು ಬಂತು, ನಿಮ್ಮ ಕಾಗದ ಬರಲಿಲ್ಲ. ಜೀಪಿನವನನ್ನು ಕೇಳಿದರೆ, "ಡಾಕ್ಟ್ರು ಚೆನ್ನಾಗೇ ಇದಾರೆ, ಮಹಡಿ ಮೇಲೆ ಕೂತು ಬೆಟ್ಟ ನೋಡ್ತಿರ್ತಾರೆ" ಅಂದ. ಬೆಟ್ಟ ಅಂದರೆ ನಾನೇ ಅಂತ ಇಟ್ಟುಕೊಳ್ಳುತ್ತೇನೆ. ಅಮ್ಮ ಹೇಳುತ್ತಿದ್ದಳಲ್ಲ, ಅಲ್ಲಿಂದ ಗಾಳಿಮನೆ ಒಂದು ಅಕ್ಕಿಕಾಳಿನಷ್ಟು ಕಾಣುತ್ತದೆ ಅಂತ. ಜೀಪಿನ ಕುಲುಕಾಟಕ್ಕೆ ಅವಳ ಸೊಂಟ ತಡೆಯದು. ಆದರೂ ಪ್ರತಿ ಸಲ, "ಅವ್ರು ಬರ್ದೇ ಇದ್ರೆ ಬಿಡ್ಲಿ, ನಾನೊಬ್ಳೇ ಬಂದು ನೋಡ್ಕೊಂಡು ಹೋಗ್ತೀನಿ" ಅಂತ ಬರೆಯುತ್ತಿದ್ದಳು.

ಇಲ್ಲಿ ನಕ್ಷೆಗಳು ಸಿದ್ಧವಾಗುತ್ತಿವೆ. ಸೋಡಾಬುಡ್ಡಿ ಬಹಳ ಅಚ್ಚುಕಟ್ಟು. ಭಾನುವಾರದ ಗೆರೆಯನ್ನು ತೆಗೆದು ಒಂದು ನಕ್ಷೆ, ಇಟ್ಟು ಒಂದು ನಕ್ಷೆ, ಎರಡನ್ನೂ ಮಾಡಿ ಮೇಜಿನ ಮೇಲಿಟ್ಟಿದ್ದಾನೆ. ತೆಗೆದದ್ದೇ ನೋಡಲು ಚೆಂದ.

ಇನ್ನೊಂದು ಚಿಮಣಿ ಅಂದಿರಿ. ಯಾವುದು?

ಯಾಕಮ್ಮ

*

ಕ್ಲಿನಿಕ್ಕಿನ ಮೇಲ್ಮಹಡಿ
ಮೇ ೨೩

ಮಗಳೇ,

ಕಳೆದ ವಾರ ಚಿತಾಗಾರಕ್ಕೆ ಹೋಗಿಬಂದೆ.

ಅಲ್ಲಿ ಕುಲುಮೆ ನೋಡಿಕೊಳ್ಳುವವನು ನನ್ನ ಹಳೆಯ ರೋಗಿ, ಮುಂಬಾಗಿಲಿಗೆ ಬಂದು ಕರೆದುಕೊಂಡು ಹೋದ. ಒಳಗೆ ಗೋಡೆಗೆ ಹಸಿರು ಬಣ್ಣ, ಮೂಲೆಯಲ್ಲಿ ನೀರಿನ ಹೂಜಿ, ಕುಲುಮೆಯ ಕಬ್ಬಿಣದ ಬಾಗಿಲು. ಜನವರಿಯಲ್ಲಿ ನಾನು ಅದೇ ಬಾಗಿಲ ಮುಂದೆ ನಿಂತಿದ್ದೆ, ಆದರೆ ಗೋಡೆಯ ಬಣ್ಣ ಯಾವುದೆಂದು ಆಗ ಕಂಡಿರಲಿಲ್ಲ. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ.

"ದಿನಾ ಉರೀತದಾ ಇದು?" ಅಂತ ಕೇಳಿದೆ.

"ಎಲ್ಲಿ ಡಾಕ್ಟ್ರೇ. ಕಾಯೋಕೇ ಅರ್ಧ ದಿನ ಬೇಕು, ಕರೆಂಟು ಕುಡಿದುಬಿಡುತ್ತೆ. ಕಚೇರಿ ಲೆಕ್ಕದಲ್ಲಿ ಎಲ್ಲಾ ದಿನ ಅಂತಾರೆ. ನಾನು ಹೊತ್ತಿಸೋದು ಮಂಗಳವಾರ, ಶುಕ್ರವಾರ ಅಷ್ಟೇ. ಮಧ್ಯೆ ಬಂದವರನ್ನ ತಣ್ಣನೆ ಕೋಣೇಲಿ ಇಟ್ಟಿರ್ತೀವಿ."

ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ತಿಳಿಸಲು ಎರಡು ತಿಂಗಳು ಹಿಡಿಯಿತು. ನಿನ್ನ ಅಮ್ಮ ಹೋದದ್ದು ಶನಿವಾರ. ಮಂಗಳವಾರದವರೆಗೆ ಅವಳನ್ನು ಆ ಕೋಣೆಯಲ್ಲಿಡಲು ನನಗೆ ಮನಸ್ಸಾಗಲಿಲ್ಲ. ಚಳಿ ಅಂದರೆ ಅವಳಿಗೆ ಆಗದು, ಬೇಸಿಗೆಯಲ್ಲೂ ಕಾಲಿಗೆ ಸಾಕ್ಸು ಹಾಕುತ್ತಿದ್ದಳು. ಇವನನ್ನು ಕೇಳಿಕೊಂಡೆ. ಭಾನುವಾರ ಅವಳೊಬ್ಬಳಿಗಾಗಿ ಹೊತ್ತಿಸಿದ. ಹೋದ ಒಂದು ವರ್ಷದಲ್ಲಿ ಬೇರೆ ಯಾವ ಭಾನುವಾರವೂ ಹೊತ್ತಿಸಿಲ್ಲವಂತೆ.

ಹೊರಡುವಾಗ ಅವನು ಬಾಯಿ ತೆಗೆದು ತನ್ನ ಸಿಮೆಂಟು ತೋರಿಸಿದ. ನಾನು ನೋಡಿ ಚೆನ್ನಾಗಿದೆ ಅಂದೆ.

ನೀನು ಆ ದಿನ ಊಟಕ್ಕೆ ಕೂತಾಗ ಕೇಳಿದ್ದೆಯಲ್ಲ, ಈ ಊರವರ ಬಾಯಲ್ಲಿ ಎಷ್ಟು ತುಂಬಿದ್ದೀರಿ ಅಂತ. ಉತ್ತರ ಆ ಕುಲುಮೆಯಲ್ಲಿ ಆವಿಯಾಗಿ, ಬೆಟ್ಟ ಹತ್ತಿ ವಾರಕ್ಕೆರಡು ಸಲ ನಿನ್ನ ಹತ್ತಿರವೇ ಬರುತ್ತಿದೆ. ನಾನು ಹಾಕಿದ್ದೇ ತಾನೇ ಎಲ್ಲ? ಈ ಊರಿನಲ್ಲಿ ಬೇರೆ ಹಲ್ಲಿನ ಡಾಕ್ಟರು ಇರಲಿಲ್ಲ. ಕೇಳಲು ಹೆದರಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಇದರಿಂದ ಯಾರಿಗಾದರೂ ಕೆಟ್ಟದಾಗಿದೆಯೇ?

ಅಪ್ಪ

*

ಗಾಳಿಮನೆ
ಜೂನ್ ೭

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು.

ಮೊದಲು ನಿಮ್ಮ ಪ್ರಶ್ನೆಗೆ. ಇಲ್ಲ, ಈ ಅಳತೆಗೆ ಉಸಿರಾಡುವ ಯಾರಿಗೂ ಏನೂ ಆಗುವುದಿಲ್ಲ. ಇದನ್ನು ಮಗಳಾಗಿ ಸಮಾಧಾನಕ್ಕೆ ಹೇಳುತ್ತಿಲ್ಲ, ಯಂತ್ರ ನೋಡಿ ಹೇಳುತ್ತಿದ್ದೇನೆ. ಆದರೆ ಪಾದರಸ ಗಾಳಿಯಲ್ಲೇ ಉಳಿಯುವುದಿಲ್ಲ. ಎಲ್ಲೋ ಇಳಿಯುತ್ತದೆ, ಕೆರೆಗೆ ಸೇರುತ್ತದೆ, ಅಲ್ಲಿ ಬೇರೆ ರೂಪ ತಾಳಿ ಮೀನಿನೊಳಗೆ ಹೋಗುತ್ತದೆ. ಒಂದು ಊರಿನದು ಸ್ವಲ್ಪ, ಎಲ್ಲ ಊರುಗಳದು ಸೇರಿದರೆ ಸ್ವಲ್ಪವಲ್ಲ. ಆದ್ದರಿಂದ ಬರೆಯಬೇಕು, ಚಿಮಣಿಗೆ ಇದ್ದಿಲಿನ ಫಿಲ್ಟರ್ ಹಾಕಿಸಬೇಕು. ಹಾಕಿಸಿದರೆ ಹೆಚ್ಚುಕಡಿಮೆ ಎಲ್ಲವೂ ನಿಲ್ಲುತ್ತದೆ. ದೊಡ್ಡ ಕೆಲಸವೇನಲ್ಲ.

ಚಿತಾಗಾರದಿಂದ ಪಾದರಸ ಬರುತ್ತದೆ ಎನ್ನುವುದು ನಮ್ಮ ಶಾಸ್ತ್ರದಲ್ಲಿ ಎಲ್ಲರಿಗೂ ಗೊತ್ತು. ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ದಿನಾ ಉರಿಯುವ ಚಿಮಣಿ ಎಂಬ ಒಂದೇ ಕಾರಣಕ್ಕೆ ಅದನ್ನು ಪಕ್ಕಕ್ಕಿಟ್ಟೆ ಅಂತ ಎಲ್ಲರಿಗೂ ಹೇಳುತ್ತೇನೆ. ನಿಮಗೆ ಹೇಳುವುದು ಬೇರೆ: ನನಗೆ ಅತ್ತ ನೋಡಲು ಆಗಲಿಲ್ಲ. ಹುಟ್ಟಿದಾಗಿನಿಂದ ಯಾಕೆ ಯಾಕೆ ಅಂದವಳು ಆ ಒಂದು ಕಡೆ ಕೇಳಲಿಲ್ಲ.

ನೆನ್ನೆ ಆ ಭಾನುವಾರದ ಕಡತ ತೆರೆದೆ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ನೋಡಿದೆ. ಬೆಳಗಿನ ಹೊತ್ತು ಗೆರೆ ನೆಲದ ಮೇಲೇ ಇದೆ. ಮಧ್ಯಾಹ್ನ ಊರಿನಿಂದ ಗಾಳಿ ತಿರುಗುತ್ತದೆ. ಗೆರೆ ನಿಧಾನಕ್ಕೆ ಮೇಲೇಳುತ್ತದೆ, ಅವಸರವಿಲ್ಲ, ಮೆಟ್ಟಿಲು ಹತ್ತುವಾಗ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುವವರ ಹಾಗೆ. ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಇಳಿದು ಹೋಗುತ್ತದೆ. ಆ ಹೊತ್ತಿಗೆ ನಾವಿಬ್ಬರೂ ಮನೆಗೆ ಬಂದು, ಅಡುಗೆಮನೆಯಲ್ಲಿ ಯಾರೂ ಒಲೆ ಹಚ್ಚದೆ ಕೂತಿದ್ದೆವು. ನಾನು ಇಲ್ಲಿರಲಿಲ್ಲ ಅಪ್ಪಾ. ಅವಳು ಬಂದಾಗ ನಾನು ಇಲ್ಲಿರಲಿಲ್ಲ. ಇದನ್ನು ಬರೆಯುವಾಗ ಅಳು ಬಂತು, ಅದಕ್ಕೇ ಇಲ್ಲಿ ಶಾಯಿ ಹರಡಿದೆ.

ಈಗ ನಿಮ್ಮನ್ನು ಒಂದು ಮಾತು ಕೇಳಬೇಕು. ಮಂಗಳವಾರ, ಶುಕ್ರವಾರ ಊರಿನಲ್ಲಿ ನೂರೆಂಟು ಕೆಲಸ ನಡೆಯುತ್ತದೆ, ಯಾರು ಬೇಕಾದರೂ ಬೇರೆ ಕಾರಣ ತೋರಿಸಿ ವಾದಿಸಬಹುದು, ಮತ್ತೆ ಕಾರ್ಖಾನೆಯ ಕಡೆಗೇ ಬೆರಳು ತೋರಿಸಬಹುದು. ಭಾನುವಾರ ಗೆರೆ ಎದ್ದದ್ದು ಅದೊಂದೇ ಸಲ, ಭಾನುವಾರ ಆ ಕುಲುಮೆ ಉರಿದದ್ದೂ ಅದೊಂದೇ ಸಲ. ಹಾಗಾಗಿ ಗಟ್ಟಿ ಸಾಕ್ಷಿ ಅದೇ. ಆದರೆ ಅದನ್ನಿಟ್ಟರೆ ಎಲ್ಲವನ್ನೂ ಬಿಡಿಸಿ ಬರೆಯಬೇಕಾಗುತ್ತದೆ. ಹಲ್ಲಿನ ಸಿಮೆಂಟು ಅಂತ ಬರೆಯಬೇಕು. ಹೆಸರು ಹಾಕದಿದ್ದರೂ ಊರಿನವರಿಗೆ ಹಲ್ಲಿನ ಡಾಕ್ಟರು ಯಾರು ಅಂತ ಗೊತ್ತು, ಆ ಭಾನುವಾರ ಯಾರದ್ದು ಅಂತಲೂ ಗೊತ್ತು. ಅದು ನಿಮ್ಮ ಕೆಲಸ, ನಿಮ್ಮ ಹೆಂಡತಿ. ನೀವು ಬೇಡ ಅಂದರೆ ಸೋಡಾಬುಡ್ಡಿಯ ಚೆಂದದ ನಕ್ಷೆಯನ್ನೇ ಕಳಿಸುತ್ತೇನೆ, ಆಮೇಲೆ ಈ ಮಾತನ್ನು ಎತ್ತುವುದಿಲ್ಲ. ಕೊನೆಯ ಗುರುವಾರದೊಳಗೆ ತಿಳಿಸಿ.

ನಿಮ್ಮ ಮಗಳು

*

ಕ್ಲಿನಿಕ್ಕಿನ ಮೇಲ್ಮಹಡಿ
ಜೂನ್ ೨೦

ಯಾಕಮ್ಮ,

ಬರಿ. ಭಾನುವಾರವನ್ನು ಬಿಡಬೇಡ.

ಮೊದಲ ಸಲ ಓದಿದಾಗ ಬೇಡ ಅಂತಲೇ ಬರೆದಿದ್ದೆ. ಲಕೋಟೆಗೂ ಹಾಕಿದ್ದೆ. ಸಂಜೆ ಕೆಳಗಿಳಿದು ಹಳೆಯ ಕ್ಲಿನಿಕ್ಕಿನ ಬೀಗ ತೆಗೆದು ಕುರ್ಚಿಯ ಮೇಲೆ ಕೂತೆ. ರೋಗಿಗಳು ಕೂರುವ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು, ಅಲ್ಲಿಂದ ಛಾವಣಿಯ ಬಿರುಕು ಬಿಟ್ಟರೆ ಏನೂ ಕಾಣುವುದಿಲ್ಲ. ಪಾಪ, ಇಷ್ಟು ವರ್ಷ ಎಲ್ಲರೂ ಅದನ್ನೇ ನೋಡಿಕೊಂಡು ನೋವು ತಿಂದಿದ್ದಾರೆ. ನೋವಿನಿಂದ ಬರುತ್ತಿದ್ದರು, ಅಗಿದು ತಿನ್ನುವ ಹಾಗೆ ಆಗಿ ಹೋಗುತ್ತಿದ್ದರು. ಆ ಕಾಲಕ್ಕೆ ಅದಕ್ಕಿಂತ ಗಟ್ಟಿಯಾದದ್ದು, ಎಲ್ಲರ ಕೈಗೆ ಎಟುಕುವಂಥದ್ದು ಬೇರೆ ಇರಲಿಲ್ಲ. ಇಂದು ಮತ್ತೆ ಆ ಕಾಲಕ್ಕೆ ಹೋದರೂ ಅದನ್ನೇ ಹಾಕುತ್ತೇನೆ. ಇದನ್ನು ನೀನು ಒಪ್ಪಬೇಕು. ಒಪ್ಪಿದ ಮೇಲೆ, ಚಿಮಣಿಗೆ ಫಿಲ್ಟರ್ ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನನ್ನ ಕೆಲಸ ಮನುಷ್ಯರಿಗಿಂತ ಹೆಚ್ಚು ಬಾಳಿಕೆ ಬಂದಿದೆ, ಅದರ ಹಿಂದೆ ಯಾರಾದರೂ ಗುಡಿಸಬೇಕಲ್ಲ.

ನಿನ್ನ ಅಮ್ಮನ ಬಾಯಲ್ಲಿ ಐದಿದ್ದವು. ಬಲಗಡೆ ಮೇಲೆ ಎರಡು, ಮದುವೆಯಾದ ವರ್ಷದ್ದು, ಕೈ ಪಳಗಿರಲಿಲ್ಲ, ಅಂಚು ಒರಟು. ಎಡಗಡೆ ಮೇಲೊಂದು, ನೀನು ಹೊಟ್ಟೆಯಲ್ಲಿದ್ದಾಗ ಕೆಟ್ಟದ್ದು, ನೀನು ಹುಟ್ಟಿದ ಮೇಲೆ ಹಾಕಿದ್ದು. ಕೆಳಗೆ ಎರಡು, ಅವು ನಾನು ಮಾಡಿದ ಕೆಲಸದಲ್ಲೇ ಚೆಂದದವು. ನನ್ನ ಕುರ್ಚಿಯಲ್ಲಿ ಕೂತು ಬಾಯೊಳಗೆ ಕನ್ನಡಿ ಇದ್ದಾಗಲೂ ಮಾತಾಡಿದವಳು ಅವಳೊಬ್ಬಳೇ. ಬೇಕಾದರೆ ಅದನ್ನು ನಕ್ಷೆಯ ಕೆಳಗೆ ಬರೆದುಕೋ, ನಿನ್ನ ಲೆಕ್ಕಕ್ಕೆ ಬರಬಹುದು.

ನೀನು ಅಲ್ಲಿರಲಿಲ್ಲ ಅಂತ ಅಳಬೇಡ. ಅವರು ಬರದಿದ್ದರೆ ಬಿಡಲಿ, ನಾನೊಬ್ಬಳೇ ಬಂದು ನೋಡಿಕೊಂಡು ಹೋಗುತ್ತೇನೆ ಅಂತ ತಾನೇ ಅವಳು ಬರೆಯುತ್ತಿದ್ದದ್ದು? ಹೇಳಿದ ಹಾಗೇ ಮಾಡಿದಳು. ಅಲ್ಲೂ ಚಿನ್ನವನ್ನು ಬಿಳಿ ಮಾಡಿಟ್ಟು ಹೋಗಿದ್ದಾಳೆ.

ನನಗೂ ಒಂದು ಸಲ ಅಲ್ಲಿಗೆ ಬರಬೇಕು ಅನ್ನಿಸಿದೆ. ಜೀಪಿನವನಿಗೆ ಮುಂದಿನ ಸೀಟು ಹೇಳಿದ್ದೇನೆ. ನನ್ನ ಬಾಯಲ್ಲೂ ನಾಲ್ಕಿವೆ, ಜೊತೆಯಲ್ಲಿ ಓದಿದ ಗೆಳೆಯ ಹಾಕಿದ್ದು, ನನ್ನಷ್ಟು ಚೆನ್ನಾಗಿ ಹಾಕಿಲ್ಲ. ಹಾಗಾಗಿ ನಾನು ಕೊಳವೆಯ ಹತ್ತಿರ ಬರಬಾರದು ಅಂತ ನಿನ್ನ ನಿಯಮ ಇರಬಹುದು. ಆದರೂ ಒಂದೇ ಒಂದು ಉಸಿರು ಬಿಡಲು ಬಿಡುತ್ತೀಯಾ? ಅವಳ ಗೆರೆ ಒಂದೇ ನಿಂತಿದೆ ಅಂತ ನೆನೆದರೆ ನನಗೆ ಸರಿಬರುತ್ತಿಲ್ಲ.

ಅಪ್ಪ

*

ಗಾಳಿಮನೆ
ಜೂನ್ ೨೮

ಅಪ್ಪಾ,

ವರದಿ ಇವತ್ತು ಹೋಯಿತು, ಭಾನುವಾರವೂ ಅದರಲ್ಲಿದೆ. ಯಾರ ಭಾನುವಾರ ಅಂತ ಸೋಡಾಬುಡ್ಡಿಗೆ ಹೇಳಿದ ಮೇಲೆ ಅವನು ನಕ್ಷೆಯನ್ನು ಹೊಸದಾಗಿ ಬರೆದುಕೊಟ್ಟ. ಸಿಮೆಂಟಿನ ಬಗ್ಗೆ ಬರೆದ ಕಡೆ, ಅದು ಲೆಕ್ಕವಿಲ್ಲದಷ್ಟು ಜನರ ನೋವು ತೆಗೆದ ವಸ್ತು ಅಂತ ಒಂದು ಸಾಲು ಸೇರಿಸಿದ್ದೇನೆ. ವಿಜ್ಞಾನದ ವರದಿಯಲ್ಲಿ ಅಂಥ ಸಾಲು ಇರುವುದಿಲ್ಲ. ಕೇಳಿದರೆ ಉತ್ತರ ಕೊಡುತ್ತೇನೆ.

ಉಸಿರಿನ ವಿಷಯ. ಬೇರೆ ದಿನವಾದರೆ ದೇವರಾಣೆಗೂ ಬಿಡುತ್ತಿರಲಿಲ್ಲ. ಮುಂದಿನ ಗುರುವಾರ ಯಂತ್ರದ ತಪಾಸಣೆ ಇದೆ, ಅವತ್ತಿನ ಗೆರೆಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಸಂಜೆ ಅಳಿಸಿಬಿಡುತ್ತೇವೆ. ಅಳಿಸುವ ಮುಂಚೆ ಅದನ್ನು ಆ ಭಾನುವಾರದ ಪಕ್ಕದಲ್ಲಿಟ್ಟು ನಾವಿಬ್ಬರೂ ನೋಡೋಣ.

ಅವತ್ತಿನ ಜೀಪಿನಲ್ಲೇ ಬನ್ನಿ. ದಾರಿಯಲ್ಲಿ ಚಳಿ, ಅಮ್ಮನ ಸಾಕ್ಸು ಹಾಕಿಕೊಳ್ಳಿ. ಬಿಸಿ ಚಹಾ ಕಾಯಿಸಿಟ್ಟಿರುತ್ತೇನೆ, ಕುಡಿದ ಕೂಡಲೇ ಛಾವಣಿಗೆ ಹೋಗೋಣ. ಕೊಳವೆಯ ಹತ್ತಿರ ಹೋಗುವವರೆಗೆ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.

ನಾನು ಹೇಳಿದ ಕೂಡಲೇ, ಯಾಕೆ ಅಂತ ಕೇಳದೆ, ದೊಡ್ಡದಾಗಿ ತೆಗೆಯಿರಿ.

ಯಾಕಮ್ಮ